ಇಳಿಯುವ ರಸ್ತೆಯನ್ನು ಹತ್ತಿದ್ದು

ಹೋದ ತಿಂಗಳು ಹಾಸನದ ಕಡೆಯಿಂದ ಒಂದಷ್ಟು ಕಾಲೇಜು ವಿದ್ಯಾರ್ಥಿಗಳು ಸೈಕಲ್ ತುಳಿದುಕೊಂಡು ಗೋಣಿಬೀಡಿಗೆ ಬಂದಿದ್ದರು. ಹಸನಬ್ಬನ ಸೈಕಲ್ ಶಾಪಿನ ಮುಂದೆ ನಿಂತು ಬೆವರು ಒರೆಸಿಕೊಳ್ಳುತ್ತಾ, ‘ಸಾರ್, ಈ ಕಡೆ ಏರಿಲ್ಲದ ದಾರಿ ಯಾವುದಾದ್ರೂ ಇದೆಯಾ? ನೋಡೋಕೆ ಚೆನ್ನಾಗಿರಬೇಕು, ತುಳಿಯೋಕೆ ಸುಲಭ ಇರಬೇಕು’ ಎಂದು ನನ್ನನ್ನು ಕೇಳಿದರು. ಟ್ಯೂಬಿಗೆ ಪ್ಯಾಚ್ ಹಾಕುತ್ತಿದ್ದ ಹಸನಬ್ಬ ತಲೆ ಎತ್ತದೆ ನಕ್ಕ. ‘ಸರಿಯಾದ ಜನವನ್ನೇ ಕೇಳಿದ್ರಿ. ಈ ತಾಲ್ಲೂಕಲ್ಲಿ ಏರು ಎಲ್ಲಿಲ್ಲ ಅಂತ ನಮ್ಮ ರೈಟ್ರಷ್ಟು ಗೊತ್ತಿರುವವರು ಯಾರೂ ಇಲ್ಲ’ ಎಂದ.

ನನಗೆ ಗೊತ್ತಿರುವ ಸುಲಭದ ದಾರಿ ಮೂರು. ಒಂದು, ನಾನು ಕೆಲಸ ಮಾಡುವ ಕಾಫಿ ಎಸ್ಟೇಟಿನ ಗೇಟಿನಿಂದ ಗದ್ದೆಯ ಅಂಚು ಹಿಡಿದು ಗೋಣಿಬೀಡಿಗೆ ಬರುವ ರಸ್ತೆ. ಇನ್ನೊಂದು ಎಸ್ಟೇಟಿನ ಒಳಗೇ, ಗುಡ್ಡದ ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ ಸುತ್ತಿಕೊಂಡಿರುವ ಲಾರಿ ದಾರಿ. ಮೂರನೆಯದು ಈ ಸೀಮೆಯದೇ ಅಲ್ಲ. ಚಾರ್ಮಾಡಿ ಘಾಟಿ ಇಳಿದು ಹೋದರೆ, ಹೊಳೆ ಸಮುದ್ರ ಸೇರುವ ಜಾಗದಲ್ಲಿ ಗಾಳಿಮರಗಳ ನಡುವೆ ಇದೆ. ಮೂರನ್ನೂ ಅವರಿಗೆ ವಿವರವಾಗಿ ಹೇಳಿದೆ. ಎಲ್ಲಿ ನೆರಳಿದೆ, ಎಲ್ಲಿ ಮೋರಿಯ ಮೇಲೆ ಕೂರಬಹುದು, ಎಲ್ಲಿ ಕೊಕ್ಕರೆ ಇಳಿಯುತ್ತವೆ ಎಂದೆಲ್ಲ ಹೇಳಿದೆ. ಖುಷಿಯಾಗಿ ಹೋದರು. ಆ ದಾರಿಗಳನ್ನು ನನಗೆ ಕಲಿಸಿದ್ದು ಯಾರು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲೋ ಯಾರಿಗೋ ಮಟ್ಟಸವಾದ ದಾರಿ ಭಾರವಾಗತೊಡಗಿದ್ದರೆ, ಅವರು ನನ್ನ ಹಾಗೆ ಪೆದ್ದುಪೆದ್ದಾಗಿ ಕಾಲ ಕಳೆಯದಿರಲಿ ಎಂಬುದಷ್ಟೇ ಆಸೆ.

ಎಸ್ಟೇಟಿನ ರೈಟರ್ ಎಂದರೆ ಆಫೀಸಿನಲ್ಲಿ ಕುಳಿತು ಬರೆಯುವವನು ಎಂದು ಪಟ್ಟಣದವರು ತಿಳಿದಿರುತ್ತಾರೆ. ಬರೆಯುವ ಕೆಲಸ ಇರುತ್ತದೆ, ನಿಜ. ಆದರೆ ಬೆಳಿಗ್ಗೆ ಹಾಜರಿ ಹಾಕಿ, ಯಾವ ಬ್ಲಾಕಿಗೆ ಎಷ್ಟು ಆಳು ಎಂದು ಮೇಸ್ತ್ರಿಗೆ ಹೇಳಿದ ಮೇಲೆ ದಿನವಿಡೀ ಗುಡ್ಡ ಹತ್ತುವುದು, ಇಳಿಯುವುದು. ಗುಡ್ಡದಲ್ಲಿ ಏದುಸಿರು ಬಂದರೆ ಯಾರೂ ಏನೂ ಕೇಳುವುದಿಲ್ಲ, ಎಲ್ಲರಿಗೂ ಬರುತ್ತದೆ. ಅದಕ್ಕೇ ನನ್ನ ಕಾಯಿಲೆ ಎಷ್ಟೋ ದಿನ ಗುಡ್ಡದಲ್ಲಿ ಅಡಗಿ ಕೂತಿತ್ತು. ಸಿಕ್ಕಿಬಿದ್ದದ್ದು ಮಟ್ಟಸ ರಸ್ತೆಯಲ್ಲಿ.

ಎಪ್ಪತ್ತರ ದಶಕದ ಕೊನೆ ಇರಬೇಕು. ಕಾಫಿ ಕೊಯ್ಲು ಜೋರಾಗಿತ್ತು. ಹಣ್ಣು ಸುಲಿಯುವ ಪಲ್ಪರ್ ಮನೆಯಿಂದ ಸಿಪ್ಪೆ ಕೊಳೆತ ವಾಸನೆ ಗದ್ದೆಯವರೆಗೂ ಬರುತ್ತಿತ್ತು. ಒಂದು ದಿನ ಗೋಣಿಬೀಡಿಗೆ ಹೋಗುತ್ತಿದ್ದಾಗ ಪೆಡಲ್ ಬಿಗಿಯಾಯಿತು. ಯಾರೋ ಹಿಂದಿನಿಂದ ಕ್ಯಾರಿಯರ್ ಹಿಡಿದು ಎಳೆದ ಹಾಗೆ. ಇಳಿದು ನೋಡಿದೆ, ಬ್ರೇಕು ಉಜ್ಜುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತು ಮತ್ತೆ ಹತ್ತಿದೆ. ಮತ್ತೆ ಅದೇ ಕಥೆ.

ಹಸನಬ್ಬನ ವಿಷಯ ಹೇಳಬೇಕು. ಕರಾವಳಿಯಿಂದ ಬಂದ ಬ್ಯಾರಿ ಮನೆತನದವನು. ಅವನ ತಂದೆಯ ಕಾಲದಿಂದಲೂ ಗೋಣಿಬೀಡಿನಲ್ಲಿ ಸೈಕಲ್ ಶಾಪು. ನಮ್ಮಪ್ಪನ ದಿನಸಿ ಅಂಗಡಿ ಅದರ ಎದುರಿಗೇ ಇತ್ತು. ಅಪ್ಪ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಾಗಿಲು ತೆಗೆಯುವ ಹೊತ್ತಿಗೆ ಹಸನಬ್ಬನ ತಂದೆ ಎದುರಿನ ಶಾಪಿನ ಹಲಗೆ ಸರಿಸುತ್ತಿದ್ದರು. ಹಾಗಾಗಿ ನಾನೂ ಹಸನಬ್ಬನೂ ಒಂದೇ ರಸ್ತೆಯ ಧೂಳು ತಿಂದು ಬೆಳೆದವರು. ನಾನು ರೈಟರಾದ ಮೇಲೆ ಅವನು ‘ನೀವು’ ಎನ್ನತೊಡಗಿದ. ಬೇಡವೆಂದರೂ ಬಿಡಲಿಲ್ಲ.

‘ಎಂತ ಆಯ್ತು ಮಾರಾಯ್ರೇ?’ ಎಂದು ಸೈಕಲ್ಲನ್ನು ತಲೆಕೆಳಗು ಮಾಡಿದ. ಚಕ್ರ ತಿರುಗಿಸಿದ. ‘ಹಿಂದಿನ ಚಕ್ರದ ಗುಂಡು ಸವೆದದ್ದು’ ಎಂದು ತೀರ್ಪು ಕೊಟ್ಟು ಗುಂಡು ಬದಲಾಯಿಸಿದ, ಗ್ರೀಸು ತುಂಬಿದ. ಅಷ್ಟು ಹೊತ್ತು ನಾನು ಬೆಂಚಿನ ಮೇಲೆ ಕುಳಿತು ಟೀ ಕುಡಿದೆ. ವಾಪಸ್ ಹೋಗುವಾಗ ಸೈಕಲ್ ಹೂವಿನ ಹಾಗಿತ್ತು. ಹಸನಬ್ಬನ ಕೈಗುಣ ಎಂದುಕೊಂಡೆ.

ಮುಂದಿನ ವಾರ ಮತ್ತೆ ಭಾರ. ಚೈನು ಬದಲಾಯಿಸಿದ. ಹಗುರವಾಯಿತು. ಮತ್ತೆ ಭಾರ. ಪೆಡಲ್ಲಿನ ಅಚ್ಚು ಹೊಸದು ಹಾಕಿದ. ಹಗುರವಾಯಿತು. ಪ್ರತಿ ಸಲವೂ ಅವನು ರಿಪೇರಿ ಮಾಡುವಷ್ಟು ಹೊತ್ತು ನಾನು ಕುಳಿತು ಸುಧಾರಿಸಿಕೊಳ್ಳುತ್ತಿದ್ದೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಈಗ ನೆನೆದರೆ ನಗು ಬರುತ್ತದೆ, ಬೆನ್ನಿನಲ್ಲಿ ಚಳಿಯೂ ಏಳುತ್ತದೆ. ರಿಪೇರಿಯಾಗುತ್ತಿದ್ದದ್ದು ನಾನು, ಅದೂ ಅರ್ಧ ಗಂಟೆಯ ಮಟ್ಟಿಗೆ.

ಹಸನಬ್ಬನಿಗೆ ಅವಮಾನವಾಗತೊಡಗಿತು. ತನ್ನ ಕೈಯಲ್ಲಿ ಸರಿಯಾಗದ ಸೈಕಲ್ ಈ ಊರಿನಲ್ಲಿ ಇದೆಯೇ ಎಂದು ಅವನಿಗೆ ಸಿಟ್ಟು. ಕೊನೆಗೆ, ‘ಇದನ್ನು ಇಲ್ಲೇ ಬಿಡಿ, ನಮ್ಮ ಬಾಡಿಗೆಯದ್ದು ತಗೊಂಡು ಹೋಗಿ’ ಎಂದು ತನ್ನ ಅತ್ಯುತ್ತಮ ಸೈಕಲ್ ಕೊಟ್ಟ. ಅದು ನನ್ನದಕ್ಕಿಂತ ಭಾರವಾಗಿತ್ತು. ಮರುದಿನ ತಂದು ಒಪ್ಪಿಸಿದೆ. ಇಬ್ಬರೂ ಎರಡು ಸೈಕಲ್ಲುಗಳನ್ನೂ ನೋಡುತ್ತಾ ನಿಂತೆವು.

‘ಎರಡೂ ಒಟ್ಟಿಗೆ ಹಾಳಾಗ್ತದಾ ಮಾರಾಯ್ರೇ?’

‘ಇಲ್ಲ.’

‘ಹಾಗಾದ್ರೆ ರಸ್ತೆ.’ ಅವನ ಮುಖ ಅರಳಿತು. ‘ಹೋದ ವರ್ಷ ಜಲ್ಲಿ ಹಾಕಿ ರೋಲರ್ ಓಡಿಸಿದ್ರಲ್ಲ, ಆವಾಗ ಎತ್ತರ ಮಾಡಿದ್ದಾರೆ. ಕಣ್ಣಿಗೆ ಗೊತ್ತಾಗೂದಿಲ್ಲ, ಕಾಲಿಗೆ ಗೊತ್ತಾಗ್ತದೆ.’

ಆ ಮಾತು ನನಗೆ ಎಷ್ಟು ಹಿತವಾಯಿತು ಎಂದರೆ ಅವನನ್ನು ತಬ್ಬಿಕೊಳ್ಳಬೇಕು ಎನಿಸಿತು. ಆ ಹೊತ್ತಿಗೆ ನನ್ನೊಳಗೆ ಏನೋ ಗೊತ್ತಾಗತೊಡಗಿತ್ತು. ರಾತ್ರಿ ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಎದೆ ಒಮ್ಮೊಮ್ಮೆ ಲಯ ತಪ್ಪಿದ ತಮಟೆಯ ಹಾಗೆ ಬಡಿಯುತ್ತಿತ್ತು. ಅದನ್ನೆಲ್ಲ ಬದಿಗೆ ಸರಿಸಲು ಒಂದು ರಸ್ತೆ ಸಿಕ್ಕಿತು. ಮೂವತ್ತು ದಾಟಿದ ಗಂಡಸಿಗೆ ರಸ್ತೆ ಹಾಳಾಗಿದೆ ಎಂದು ನಂಬುವುದು ಎಷ್ಟು ಸಲೀಸು.

ಆದರೆ ನಾನು ಎಸ್ಟೇಟಿನವನು. ರಸ್ತೆ ಏರಿದೆಯೋ ಇಲ್ಲವೋ ಎಂದು ಬಾಯಿಮಾತಿನಲ್ಲಿ ಹೇಳಿ ಬಿಡುವವನಲ್ಲ. ನಮ್ಮಲ್ಲಿ ಗುಡ್ಡಕ್ಕೆ ದಾರಿ ಕಡಿಯುವ ಮೊದಲು ಅಳೆಯಲು ಘಾಟ್ ಟ್ರೇಸರ್ ಎಂಬ ಸಾಧನ ಇರುತ್ತದೆ. ಕೋಲಿಗೆ ತೂಗುಹಾಕಿದ, ಬಾಯಿಗೆ ಅಡ್ಡ ತಂತಿ ಕಟ್ಟಿದ ಒಂದು ಹಿತ್ತಾಳೆ ಕೊಳವೆ, ಅದಕ್ಕೆ ಹಿಂದೆ ಮುಂದೆ ಜಾರಿಸಬಹುದಾದ ಒಂದು ತೂಕ. ತೂಕ ಸೊನ್ನೆಯ ಗೀಟಿನಲ್ಲಿದ್ದರೆ ಕೊಳವೆ ಮಟ್ಟಸ. ದೂರದಲ್ಲಿ ಇನ್ನೊಬ್ಬ ಕೊಳವೆಯಷ್ಟೇ ಎತ್ತರದ ಗುರಿಹಲಗೆ ಹಿಡಿದು ನಿಲ್ಲುತ್ತಾನೆ. ಕೊಳವೆಯಲ್ಲಿ ಕಣ್ಣಿಟ್ಟು ನೋಡಿದಾಗ ಹಲಗೆಯ ಗುರುತು ತಂತಿಯ ಮೇಲೇ ಕೂತರೆ ನೆಲ ಮಟ್ಟಸ, ಮೇಲಿದ್ದರೆ ಏರು, ಕೆಳಗಿದ್ದರೆ ಇಳಿಜಾರು. ಎಸ್ಟೇಟಿನ ಸುತ್ತು ದಾರಿಯನ್ನು ನಾನೇ ಇದರಿಂದ ಗುರುತು ಹಾಕಿದ್ದೆ. ಅದರ ಮಾತು ಎಂದೂ ಸುಳ್ಳಾಗಿರಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ, ಹಸನಬ್ಬ ಮಸೀದಿಗೆ ಹೋಗುವ ಮುಂಚೆ, ಇಬ್ಬರೂ ಗದ್ದೆಯ ರಸ್ತೆಗೆ ಹೋದೆವು. ಮಂಜು ನೆಲಕ್ಕೆ ಹತ್ತಿಕೊಂಡಿತ್ತು. ಅವನು ಗುರಿಹಲಗೆ ಹೊತ್ತು ಗೋಣಿಬೀಡಿನ ದಿಕ್ಕಿಗೆ ನಡೆದ. ಮಂಜಿನಲ್ಲಿ ಮೊದಲು ಅವನ ಕಾಲು ಮಾಯವಾಯಿತು, ಆಮೇಲೆ ಅವನೇ ಮಾಯವಾದ. ‘ಇಲ್ಲಿ ಇದ್ದೇನೆ!’ ಎಂದು ಕೂಗಿದ. ಮಂಜು ಸರಿಯುವವರೆಗೆ ಕಾಯುತ್ತಾ ನಿಂತೆ. ಟ್ರೇಸರಿನ ಕೋಲು ಹೊತ್ತು ಬಂದಿದ್ದಕ್ಕೇ ನನ್ನ ಎದೆ ಹಾರುತ್ತಿತ್ತು. ಗದ್ದೆಯಲ್ಲಿ ಒಂದು ಹಕ್ಕಿಯೂ ಇರಲಿಲ್ಲ.

ಮಂಜು ಬಿಟ್ಟಿತು. ಕೊಳವೆಯಲ್ಲಿ ಕಣ್ಣಿಟ್ಟೆ. ತೂಕ ಸೊನ್ನೆಯಲ್ಲಿತ್ತು. ಹಲಗೆಯ ಗುರುತು ತಂತಿಯ ಮೇಲಿರಲಿಲ್ಲ. ತಂತಿಯ ಕೆಳಗಿತ್ತು.

ತಪ್ಪಿರಬೇಕೆಂದು ಕೋಲು ಸರಿಯಾಗಿ ನಿಲ್ಲಿಸಿ ಮತ್ತೆ ನೋಡಿದೆ. ಜಾಗ ಬದಲಿಸಿ ನೋಡಿದೆ. ಪ್ರತಿ ಸಲವೂ ಕೆಳಗೇ. ನಾನು ಇಷ್ಟು ದಿನ ಏದುಸಿರು ಬಿಡುತ್ತಾ, ಇಳಿದು ನಿಂತು, ಬೈದುಕೊಂಡು ಹತ್ತುತ್ತಿದ್ದ ಆ ರಸ್ತೆ ಏರುತ್ತಿರಲಿಲ್ಲ. ಮಟ್ಟಸವೂ ಆಗಿರಲಿಲ್ಲ. ಗೋಣಿಬೀಡಿನ ಕಡೆಗೆ ಮೆಲ್ಲನೆ ಇಳಿಯುತ್ತಿತ್ತು.

ಹಸನಬ್ಬ ಹಲಗೆ ಹೆಗಲ ಮೇಲಿಟ್ಟುಕೊಂಡು ಬಂದ. ‘ಎಷ್ಟು ಏರು ಉಂಟು?’ ಎಂದು ಗೆದ್ದವನ ದನಿಯಲ್ಲಿ ಕೇಳಿದ. ನಾನು ಮೋರಿಯ ಮೇಲೆ ಕುಳಿತಿದ್ದೆ. ಹೇಳಿದೆ. ಅವನು ನಂಬದೆ ತಾನೇ ಕೊಳವೆಯಲ್ಲಿ ಕಣ್ಣಿಟ್ಟ, ಎದುರಿಗೆ ಹಲಗೆ ಹಿಡಿಯುವವರೇ ಇಲ್ಲದಿದ್ದರೂ. ಆಮೇಲೆ ತಿರುಗಿ ನನ್ನ ಮುಖ ನೋಡಿದ. ಆ ಬೆಳಕಿನಲ್ಲಿ ಅವನು ಮೊದಲ ಸಲ ನನ್ನನ್ನು ನೋಡಿದ ಎನ್ನಬೇಕು. ಅಷ್ಟು ದಿನ ಇಬ್ಬರೂ ಸೈಕಲ್ಲನ್ನೇ ನೋಡುತ್ತಿದ್ದೆವು.

‘ರೈಟ್ರೇ, ನಿಮ್ಮ ತುಟಿ ನೇರಳೆ ಹಣ್ಣು ತಿಂದ ಹಾಗೆ ಉಂಟಲ್ಲ’ ಎಂದ.

ನಾನು ನೇರಳೆ ಹಣ್ಣಿನ ಕಾಲವಲ್ಲ ಇದು ಎಂದು ಹೇಳಲು ಹೋದೆ. ಬೆರಳಿನಿಂದ ತುಟಿ ಒರೆಸಿ ನೋಡಿಕೊಂಡೆ. ಅಷ್ಟು ಹೆದರಿದ್ದು ಜೀವಮಾನದಲ್ಲಿ ಅದೇ ಮೊದಲು.

ಮನೆಗೆ ಬಂದು ಗಿರಿಜೆಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮದುವೆಯಾಗಿ ಬಹಳ ವರ್ಷವಾಗಿರಲಿಲ್ಲ. ಜಾವಳಿ ಕಡೆಯವಳು, ಮಾತು ಕಡಿಮೆ, ಕಣ್ಣು ಚುರುಕು. ನಾನು ಪೀಠಿಕೆ ಹಾಕುವಷ್ಟರಲ್ಲಿ, ‘ಡಾಕ್ಟ್ರ ಹತ್ರ ಯಾವಾಗ ಹೋಗೋದು ಹೇಳಿ’ ಎಂದಳು. ನನ್ನ ತಲೆಯ ಕೆಳಗೆ ಒಂದು ದಿಂಬು ಎರಡಾದದ್ದು, ಎರಡು ಮೂರಾದದ್ದು ಅವಳಿಗೆ ಗೊತ್ತಿತ್ತು. ಮೂರನೆಯದನ್ನು ಹೊಲಿದವಳೇ ಅವಳು. ‘ಮತ್ತೆ ಕೇಳ್ಲಿಲ್ಲ ಯಾಕೆ?’ ಎಂದೆ. ‘ಕೇಳಿದ್ರೆ ಸೈಕಲ್ ಸರಿ ಇಲ್ಲ ಅಂತಿದ್ರಿ’ ಎಂದಳು.

ಮೂಡಿಗೆರೆಯ ಡಾಕ್ಟರ ಕೋಣೆಯ ಹೊರಗೆ ಮರದ ಬೆಂಚು. ಕೆಮ್ಮುವವರು, ಕೈಗೆ ಬಟ್ಟೆ ಸುತ್ತಿಕೊಂಡವರು, ಮಗುವಿನ ಹಣೆ ಮುಟ್ಟಿ ಮುಟ್ಟಿ ನೋಡುವ ತಾಯಂದಿರು. ಎಲ್ಲರೂ ಒಳಗೆ ಹೋದಷ್ಟೇ ಬೇಗ ಹೊರಗೆ ಬರುತ್ತಿದ್ದರು. ನನ್ನ ಸರದಿ ಬಂದಾಗ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ತೆಗೆಯಲೇ ಇಲ್ಲ. ಎಡಕ್ಕೆ ಮಲಗಿಸಿ ಕೇಳಿದರು, ಕಣ್ಣು ಮುಚ್ಚಿ ಕೇಳಿದರು. ಹೊರಗೆ ಯಾರೋ ಗೊಣಗುತ್ತಿದ್ದರು. ಕಾಯಿಲೆಯವನಿಗೆ ಡಾಕ್ಟರು ಬೈದರೆ ಧೈರ್ಯ ಬರುತ್ತದೆ. ಮೌನವಾಗಿ ಕೇಳುತ್ತಾ ಕೂತರೆ ಬರುವ ಭಯಕ್ಕೆ ಔಷಧಿಯಿಲ್ಲ.

‘ಚಿಕ್ಕವರಿದ್ದಾಗ ಜ್ವರ ಬಂದು ಕೀಲು ಕೀಲು ಬಾತುಕೊಂಡಿತ್ತಾ?’ ಎಂದು ಕೇಳಿದರು. ನನಗೆ ನೆನಪಿರಲಿಲ್ಲ. ಗೋಣಿಬೀಡಿಗೆ ಹೋಗಿ ಅವ್ವನನ್ನು ಕೇಳಿದೆ. ಅಂಗಡಿಯ ಒಳಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅವ್ವ ಕೈ ನಿಲ್ಲಿಸಿದಳು. ‘ಬಂದಿತ್ತು ಕಣಪ್ಪ. ಮಂಡಿ ಮುಟ್ಟಕ್ಕೆ ಬಿಡ್ತಿರ್ಲಿಲ್ಲ ನೀನು. ಕಷಾಯ ಕೊಟ್ಟೆ. ಹೋಯ್ತಲ್ಲ?’ ಎಂದಳು. ಹೋಗಿರಲಿಲ್ಲ. ಮಂಡಿಯಿಂದ ಎದೆಗೆ ಹೋಗಿ ಇಷ್ಟು ವರ್ಷ ಸದ್ದಿಲ್ಲದೆ ಕೂತಿತ್ತು. ಅವ್ವ ಆಮೇಲೆ ತಿಂಗಳುಗಟ್ಟಲೆ ನನ್ನ ಮುಖ ನೋಡಿದಾಗಲೆಲ್ಲ ಕಷಾಯದ ಮಾತೆತ್ತಿ ಅಳುತ್ತಿದ್ದಳು. ಅವಳನ್ನು ಸಮಾಧಾನ ಮಾಡುವುದೇ ನನಗೆ ದೊಡ್ಡ ಕೆಲಸವಾಯಿತು. ಒಂದು ಲೆಕ್ಕಕ್ಕೆ ಅದೂ ಒಳ್ಳೆಯದೇ ಆಯಿತು, ಅಷ್ಟು ಹೊತ್ತು ನನ್ನ ಹೆದರಿಕೆ ಮರೆಯುತ್ತಿತ್ತು.

ಡಾಕ್ಟರು ಮಾತ್ರೆ ಕೊಟ್ಟರು. ‘ಏರು ಹತ್ತುವ ಹಾಗಿಲ್ಲ’ ಎಂದರು. ಕಾಫಿ ಸೀಮೆಯಲ್ಲಿ ಹುಟ್ಟಿದವನಿಗೆ ಏರು ಹತ್ತಬೇಡ ಎನ್ನುವುದು ಮೀನಿಗೆ ಒದ್ದೆಯಾಗಬೇಡ ಎಂದ ಹಾಗೆ. ಎಸ್ಟೇಟಿನ ಯಜಮಾನರ ಮುಂದೆ ನಿಂತು ಹೇಳಿದೆ. ಗುಡ್ಡ ಹತ್ತದ ರೈಟರನ್ನು ಯಾರು ಇಟ್ಟುಕೊಳ್ಳುತ್ತಾರೆ? ಕೆಲಸ ಹೋದರೆ ಕ್ವಾರ್ಟರ್ಸೂ ಹೋದ ಹಾಗೆ. ಅವರು, ‘ಸುತ್ತು ದಾರಿ ನೀವೇ ಮಾಡಿದ್ದಲ್ವಾ? ಅದರ ಮೇಲೆ ಎಷ್ಟು ನೋಡೋಕಾಗುತ್ತೋ ಅಷ್ಟು ನೋಡಿ. ಮೇಲಿಂದು ಮೇಸ್ತ್ರಿ ನೋಡ್ಲಿ. ಬರುವ ಕೊಯ್ಲಿನ ತನಕ ನೋಡುವ’ ಎಂದರು. ಒಳ್ಳೆಯ ಮಾತೇ. ಆದರೆ ಕೊಯ್ಲಿನ ತನಕ ಎಂಬುದು ನನ್ನ ಕಿವಿಯಲ್ಲಿ ಉಳಿಯಿತು.

ಹಾಗೆ ನನ್ನ ಎರಡನೆಯ ದಾರಿ ಶುರುವಾಯಿತು. ಗುಡ್ಡದ ಸೊಂಟದಲ್ಲಿ ಒಂದೇ ಮಟ್ಟದಲ್ಲಿ ಸುತ್ತುವ ದಾರಿ, ಮೇಲೆ ಸಿಲ್ವರ್ ಓಕು, ಹಾಲುವಾಣದ ಮರಗಳು, ಕೆಳಗೆ ಕಾಫಿ. ಹೂವಿನ ಮಳೆ ಬಿದ್ದು ಕಾಫಿ ಬಿಳಿಯಾದಾಗ ಆ ದಾರಿಯಲ್ಲಿ ಸೈಕಲ್ ಬಿಟ್ಟರೆ ವಾಸನೆಗೇ ತಲೆ ತಿರುಗುತ್ತದೆ. ನನಗೆ ತಲೆ ತಿರುಗಲು ವಾಸನೆ ಬೇಕಿರಲಿಲ್ಲ. ಮೊದಲು ಇಡೀ ಸುತ್ತು ಹೋಗುತ್ತಿದ್ದೆ. ಆಮೇಲೆ ಬೀಟೆ ಮರದ ತಿರುವಿನಲ್ಲಿ ಇಳಿದು ನಿಲ್ಲುವುದಾಯಿತು. ಮಳೆಗಾಲ ಕಳೆದ ಮೇಲೆ ಬೀಟೆ ಮರದಿಂದಲೇ ವಾಪಸ್ ತಿರುಗಿದೆ. ಆಮೇಲೆ ಅದೂ ದೂರವಾಯಿತು. ನಾನೇ ಕೊಳವೆಯಲ್ಲಿ ನೋಡಿ, ಗೂಟ ಹೊಡೆಸಿ ಮಟ್ಟಸ ಮಾಡಿದ ದಾರಿ ದಿನೇ ದಿನೇ ನನ್ನ ಮುಂದೆ ಎದ್ದು ನಿಲ್ಲುತ್ತಿತ್ತು. ಗಿರಿಜೆ ಬಾಗಿಲಲ್ಲಿ ನಿಂತು ನಾನು ಎಷ್ಟು ಬೇಗ ಹಿಂದಿರುಗುತ್ತೇನೆ ಎಂದು ನೋಡುತ್ತಿದ್ದಳು. ಬೇಗ ಬಂದಷ್ಟೂ ಅವಳ ಮುಖ ಸಣ್ಣದಾಗುತ್ತಿತ್ತು.

ಮುಂದಿನ ಕೊಯ್ಲು ಬಂತು. ಕಣದಲ್ಲಿ ಒಣಗಲು ಹಾಕಿದ್ದ, ಸಿಪ್ಪೆ ಸುಲಿದ ಪಾರ್ಚ್ಮೆಂಟ್ ಕಾಫಿಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದೆ. ಕೆಮ್ಮು ಬಂತು. ಕರವಸ್ತ್ರ ತೆಗೆದು ನೋಡಿದರೆ ಕೆಂಪು. ಸುತ್ತ ಕಾಫಿ ಹರಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಕೈ ನಿಲ್ಲಿಸಿದರು. ಒಬ್ಬಳು ಮೆಲ್ಲಗೆ ತನ್ನ ಮಗುವನ್ನು ಎತ್ತಿಕೊಂಡು ದೂರ ಸರಿದಳು. ಕ್ಷಯ ಎಂದುಕೊಂಡಿರಬೇಕು. ಅವಳ ತಪ್ಪಲ್ಲ, ಆದರೂ ಆ ಸರಿದದ್ದು ನನಗೆ ರಕ್ತಕ್ಕಿಂತ ಹೆಚ್ಚು ನೋವು ಮಾಡಿತು.

ಮೂಡಿಗೆರೆಯ ಡಾಕ್ಟರು ಇನ್ನು ತಡಮಾಡಬಾರದು ಎಂದು ಕರಾವಳಿಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಕೊಟ್ಟಿಗೆಹಾರ ದಾಟಿ ಬಸ್ಸು ಚಾರ್ಮಾಡಿ ಇಳಿಯತೊಡಗಿತು. ಕೆಳಗೆ ಕಾಡು ಕಪ್ಪಗಿತ್ತು. ಒಂದೊಂದು ತಿರುವು ಇಳಿದಾಗಲೂ ನಾನು ಹಿಂದಿರುಗಿ ನೋಡುತ್ತಿದ್ದೆ. ಇಷ್ಟೆಲ್ಲ ಏರು ಮತ್ತೆ ಹೇಗೆ ಹತ್ತುವುದು ಎಂಬ ಯೋಚನೆ. ಬಸ್ಸೇ ಹತ್ತಿಸುತ್ತದೆ ಎಂಬುದು ಆಗ ತಲೆಗೆ ಹೋಗಲಿಲ್ಲ. ಗಿರಿಜೆ ನನ್ನ ಕೈ ಹಿಡಿದುಕೊಂಡಿದ್ದಳು. ಅವಳ ಅಂಗೈ ತಣ್ಣಗಿತ್ತು.

ಆಸ್ಪತ್ರೆಯ ವಾರ್ಡಿನಲ್ಲಿ ಎಲ್ಲರೂ ಎದೆಯವರೇ. ನನ್ನ ಪಕ್ಕದ ಮಂಚದಲ್ಲಿ ಬೆಳ್ತಂಗಡಿ ಕಡೆಯ ಒಬ್ಬರು ಬೀಡಿ ಕಟ್ಟುವವರಿದ್ದರು. ಬೀಡಿ ಇಲ್ಲದೆಯೂ ಅವರ ಬೆರಳು ಸದಾ ಸುತ್ತುತ್ತಲೇ ಇರುತ್ತಿತ್ತು. ‘ನಿಮ್ಮದೂ ಬಾಗಿಲಾ?’ ಎಂದು ಕೇಳಿದರು. ಅಲ್ಲಿ ಎಲ್ಲರೂ ಹಾಗೇ ಮಾತಾಡುವುದು. ಎದೆಯೊಳಗಿನ ಒಂದು ಬಾಗಿಲು ಬಿಗಿದುಕೊಂಡಿದೆ, ಪಕ್ಕೆಯಿಂದ ಕೊಯ್ದು ಒಳಗೆ ಬೆರಳು ಹಾಕಿ ಬಿಡಿಸುತ್ತೇವೆ ಎಂದು ದೊಡ್ಡ ಡಾಕ್ಟರು ನನಗೂ ಹೇಳಿದ್ದರು. ನಮ್ಮ ಮನೆಯ ಬಚ್ಚಲ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಬಿಗಿಯುತ್ತದೆ. ಆಚಾರಿ ಬಂದು ಹತ್ತರಿ ಹೊಡೆದು ಹೋದರೆ ಕೆಲವು ವರ್ಷ ಸರಾಗ.

‘ಮತ್ತೆ ಬಿಗಿಯುತ್ತದಾ ಸಾರ್?’ ಎಂದು ಕೇಳಿದೆ.

ಅವರು ಸುಳ್ಳು ಹೇಳಲಿಲ್ಲ. ‘ಕೆಲವರಿಗೆ ಬಿಗಿಯುತ್ತದೆ. ತುಂಬಾ ವರ್ಷ ಬೇಕು. ಬಿಗಿದರೆ ಬೇಗ ಬನ್ನಿ, ಈ ಸಲದ ಹಾಗೆ ತಡ ಮಾಡಬೇಡಿ’ ಎಂದರು.

ಬೀಡಿಯವರನ್ನು ನನಗಿಂತ ಮೊದಲು ಕರೆದುಕೊಂಡು ಹೋದರು. ಹೋಗುವಾಗ, ‘ಬಂದ ಮೇಲೆ ನಿಮ್ಮ ಘಟ್ಟದ ಕಾಫಿ ಕುಡಿಸಬೇಕು’ ಎಂದು ಕೈ ಎತ್ತಿದರು. ಸಂಜೆ ಅವರ ಹಾಸಿಗೆಯನ್ನು ಸುರುಳಿ ಸುತ್ತಿ ಮಂಚದ ತಲೆಯ ಕಡೆ ಇಟ್ಟಿದ್ದರು. ಕಸ ಗುಡಿಸುವ ಹೆಂಗಸು ನನ್ನ ಮುಖ ನೋಡಿ, ಪೊರಕೆ ಗೋಡೆಗೆ ಒರಗಿಸಿ, ನನ್ನ ಮಂಚವನ್ನು ಕಿಟಕಿಯ ಕಡೆಗೆ ತಿರುಗಿಸಿ ಹೋದಳು. ಆ ಸುರುಳಿ ಹಾಸಿಗೆ ನನ್ನ ಕಣ್ಣಿಗೆ ಬೀಳದ ಹಾಗೆ. ಅವಳ ಹೆಸರು ನನಗೆ ಗೊತ್ತಿಲ್ಲ. ಇವತ್ತಿಗೂ ಅವಳನ್ನು ನೆನೆಯುತ್ತೇನೆ.

ನನ್ನ ಸರದಿಯ ಬಗ್ಗೆ ಹೇಳಲು ಹೆಚ್ಚಿಲ್ಲ. ಎಚ್ಚರವಾದಾಗ ಪಕ್ಕೆಯಲ್ಲಿ ಬೆಂಕಿ ಇಟ್ಟ ಹಾಗಿತ್ತು. ಗಿರಿಜೆ ಬಾಗಿ, ‘ತುಟಿ ಕೆಂಪಾಗಿದೆ’ ಎಂದಳು. ಅಷ್ಟೇ ಹೇಳಿ ಸೆರಗು ಬಾಯಿಗಿಟ್ಟುಕೊಂಡು ಆಚೆ ಹೋದಳು.

ಡಾಕ್ಟರು ಕೆಲವು ವಾರ ಕೆಳಗೇ ಇರಬೇಕು, ಘಟ್ಟ ಹತ್ತುವ ಮುಂಚೆ ಮಟ್ಟಸ ನೆಲದಲ್ಲಿ ನಡೆದು, ಆಮೇಲೆ ಸೈಕಲ್ ತುಳಿದು ನೋಡಬೇಕು ಎಂದರು. ಉಸಿರು ಕಟ್ಟಿದರೆ ಘಟ್ಟದ ಮೇಲಿನ ಕೆಲಸ ಮರೆತುಬಿಡಬೇಕು ಎಂದೂ ಹೇಳಿದರು. ಹಸನಬ್ಬ ಅಷ್ಟರಲ್ಲಿ ಎಲ್ಲ ಏರ್ಪಾಡು ಮಾಡಿಯಾಗಿತ್ತು. ಹೊಳೆ ಸಮುದ್ರ ಸೇರುವಲ್ಲಿ ಅವನ ತಂಗಿ ಬೀಫಾತುಮ್ಮನ ಮನೆ. ಅವಳ ಗಂಡನದೂ ಸೈಕಲ್ ಶಾಪೇ, ಆ ವಂಶಕ್ಕೆ ಬೇರೆ ಕಸುಬೇ ಗೊತ್ತಿಲ್ಲ. ‘ನಮ್ಮಲ್ಲಿ ದಿನಾ ಮೀನು. ನಿಮಗೆ ಆಗ್ಲಿಕ್ಕಿಲ್ಲ ಅಕ್ಕ’ ಎಂದು ಅವಳು ಶಾಪಿನ ಹಿಂದಿನ ಕೋಣೆ ಗುಡಿಸಿ, ಹೊಸ ಮಡಿಕೆ ತಂದು, ಬೇರೆ ಒಲೆ ಹೂಡಿಕೊಟ್ಟಳು. ನಾವು ಅಲ್ಲಿದ್ದಷ್ಟು ದಿನ ಗಾಳಿ ನಮ್ಮ ಕಡೆಗೆ ಬೀಸಿದರೆ ತನ್ನ ಅಡಿಗೆಮನೆಯ ಕಿಟಕಿ ಮುಚ್ಚುತ್ತಿದ್ದಳು.

ಅಲ್ಲಿನ ರಸ್ತೆಯೇ ನನ್ನ ಮೂರನೆಯ ದಾರಿ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ, ನಡುವೆ ಗಾಳಿಮರದ ಸಾಲು, ಮರಳಿನ ಮೇಲೆ ಗಟ್ಟಿ ಮಣ್ಣು ಹಾಕಿದ ದಾರಿ. ನೀರಿಳಿದಾಗ ಕೆಸರಿನಲ್ಲಿ ಏಡಿಗಳು ಓಡಾಡುತ್ತವೆ. ಅವುಗಳ ಹಿಂದೆ ಉದ್ದ ಕಾಲಿನ ಹಕ್ಕಿಗಳು. ಘಟ್ಟದವನಿಗೆ ಅಷ್ಟು ಆಕಾಶ ನೋಡಿಯೇ ಗೊತ್ತಿರುವುದಿಲ್ಲ. ಮೊದಲ ದಿನ ಬೆಳಿಗ್ಗೆ ಬಾಡಿಗೆ ಸೈಕಲ್ ಹತ್ತಿ ಸ್ವಲ್ಪ ದೂರ ಹೋದೆ. ಉಸಿರು ನನ್ನದೇ ಆಗಿತ್ತು. ಮರುದಿನ ಇನ್ನಷ್ಟು ದೂರ. ಎದೆ ಎಂಬುದೊಂದು ಇದೆ ಎಂದೇ ಮರೆತು ತುಳಿದೆ.

ಒಂದು ದಿನ ಮಧ್ಯಾಹ್ನದ ಮೇಲೆ ಹೊರಟೆ. ಗಿರಿಜೆ ದೋಣಿಕಟ್ಟೆಯ ಹತ್ತಿರ ಕಾಯುತ್ತೇನೆ ಎಂದು ಮೊದಲೇ ನಡೆದಿದ್ದಳು. ಅರ್ಧ ದಾರಿಯಲ್ಲಿ ಪೆಡಲ್ ಬಿಗಿಯಾಯಿತು.

ಅದೇ ಭಾರ. ಹಿಂದಿನಿಂದ ಕ್ಯಾರಿಯರ್ ಹಿಡಿದು ಎಳೆದ ಹಾಗೆ. ಜೋರಾಗಿ ತುಳಿದೆ, ಏದುಸಿರು ಬಂತು. ಕಣ್ಣು ಮುಂದಿನ ರಸ್ತೆ ಮೆಲ್ಲನೆ ಏರುತ್ತಿದೆ ಎಂದು ಹೇಳತೊಡಗಿತು. ಅದು ಸಮುದ್ರದ ಮಟ್ಟದ ರಸ್ತೆ ಎಂದು ನನಗೆ ಗೊತ್ತಿತ್ತು. ಇಳಿದು ನಿಂತೆ. ಬಾಗಿಲು ಮುಚ್ಚಿಕೊಂಡಿತು, ಇಷ್ಟು ಬೇಗ ಮುಚ್ಚಿಕೊಂಡಿತು ಎಂದುಕೊಂಡೆ. ಸುರುಳಿ ಸುತ್ತಿದ ಹಾಸಿಗೆ ಕಣ್ಣ ಮುಂದೆ ಬಂತು. ದೂರದಲ್ಲಿ ದೋಣಿಕಟ್ಟೆ, ಅಲ್ಲಿ ಗಿರಿಜೆಯ ಸೀರೆಯ ಬಣ್ಣ. ಅವಳಿಗೆ ಏನು ಹೇಳಲಿ ಎಂದು ಸೈಕಲ್ ಹಿಡಿದು ನಿಂತೇ ಇದ್ದೆ.

ಆಗ ಹಿಂದಿನಿಂದ ಒಬ್ಬ ಮೀನು ಮಾರುವವನು ಬಂದ. ಕಂಬದಂತಹ ಆಳು, ಕ್ಯಾರಿಯರ್ ಮೇಲೆ ಖಾಲಿ ಬುಟ್ಟಿ. ಅವನೂ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಬರುತ್ತಿದ್ದ. ನನ್ನ ಪಕ್ಕ ಬಂದವನೇ ಉಗುಳಿ, ‘ಎಂತ ಗಾಳಿ ಮಾರಾಯ್ರೇ ಇದು! ಈ ಹೊತ್ತಿನಲ್ಲಿ ಯಾವ ಮಗನಿಗೂ ಇದರಲ್ಲಿ ತುಳಿಲಿಕ್ಕೆ ಆಗುದಿಲ್ಲ’ ಎಂದ.

‘ಗಾಳಿಯಾ?’ ಎಂದೆ.

ಅವನು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದ. ನಾನು ತಲೆ ಎತ್ತಿದೆ. ಗಾಳಿಮರಗಳೆಲ್ಲ ನನ್ನ ಕಡೆಗೆ ಬಾಗಿ ಹುಯ್ಯೆನ್ನುತ್ತಿದ್ದವು. ನನ್ನ ಅಂಗಿ ಬೆನ್ನ ಹಿಂದೆ ಉಬ್ಬಿ ಬಡಿದುಕೊಳ್ಳುತ್ತಿತ್ತು. ಅಷ್ಟು ಹೊತ್ತೂ ಅದು ಬೀಸುತ್ತಲೇ ಇತ್ತು, ನಾನು ಕಿವಿಯನ್ನೆಲ್ಲ ಎದೆಯೊಳಗೆ ಇಟ್ಟುಕೊಂಡಿದ್ದೆ. ನಮ್ಮ ಗದ್ದೆಯ ರಸ್ತೆ ಗುಡ್ಡದ ಮರೆಯಲ್ಲಿದೆ, ಸುತ್ತು ದಾರಿ ಮರಗಳ ಒಳಗಿದೆ. ಸೈಕಲ್ಲನ್ನು ಗಾಳಿ ಹೀಗೆ ಹಿಡಿದು ನಿಲ್ಲಿಸಬಲ್ಲದು ಎಂದು ನನಗೆ ಅನುಭವವೇ ಇರಲಿಲ್ಲ. ಭಾರ ಹೊರಗಿತ್ತು. ವರ್ಷದ ಮೇಲಾಗಿತ್ತು, ಮೊದಲ ಸಲ ಭಾರ ನನ್ನ ಹೊರಗಿತ್ತು.

ಆ ಮೀನಿನವನ ಮುಂದೆಯೇ ಅತ್ತುಬಿಟ್ಟೆ. ಪಾಪ, ಅವನು ಗಾಬರಿಯಾಗಿ, ‘ಗಾಳಿಗೆಲ್ಲ ಅಳ್ತಾರಾ ಸ್ವಾಮೀ, ಸಂಜೆಗೆ ನಿಲ್ತದೆ’ ಎಂದ. ಇಬ್ಬರೂ ಸೈಕಲ್ ತಳ್ಳಿಕೊಂಡು ದೋಣಿಕಟ್ಟೆಯವರೆಗೆ ಹೋದೆವು.

ಅದಾಗಿ ವರ್ಷಗಳು ಕಳೆದವು. ಎಂಬತ್ತರ ದಶಕ ಮುಗಿಯುತ್ತಾ ಬಂದಿದೆ. ಯಜಮಾನರು ಕೆಲಸ ಉಳಿಸಿದರು. ಹಳೆಯ ಜ್ವರ ಮರಳದಿರಲೆಂದು ತಿಂಗಳಿಗೊಮ್ಮೆ ಇಂಜೆಕ್ಷನ್ನಿಗೆ ಮೂಡಿಗೆರೆಗೆ ಹೋಗಿ ಬರುವುದು ಕ್ಷೌರಕ್ಕೆ ಹೋಗಿ ಬಂದಷ್ಟೇ ಮಾಮೂಲಾಯಿತು. ಮೆಲ್ಲಗೆ ಹತ್ತಿದರೆ ಗುಡ್ಡವೂ ನನ್ನನ್ನು ಸಹಿಸಿಕೊಂಡಿತು. ಒಂದು ಅಭ್ಯಾಸ ಮಾತ್ರ ಉಳಿಯಿತು. ಸೈಕಲ್ ಒಂಚೂರು ಭಾರವಾದರೆ ನಾನು ಮೊದಲು ತಲೆ ಎತ್ತಿ ಮರ ನೋಡುತ್ತೇನೆ. ಎಲೆ ಅಲ್ಲಾಡುತ್ತಿದ್ದರೆ ನೆಮ್ಮದಿ. ಗಿರಿಜೆಗೂ ಇದು ಗೊತ್ತು. ತಡವಾಗಿ ಬಂದರೆ, ‘ಗಾಳಿ ಇತ್ತಾ?’ ಎಂದು ಕೇಳುತ್ತಾಳೆ. ‘ಇತ್ತು’ ಎನ್ನುತ್ತೇನೆ. ಅಲ್ಲಿಗೆ ಮುಗಿಯುತ್ತದೆ.

ನಿನ್ನೆ ಸಂಜೆ ಗದ್ದೆಯ ರಸ್ತೆಯಲ್ಲಿ ಗೋಣಿಬೀಡಿಗೆ ಹೋಗುತ್ತಿದ್ದೆ. ಮೋರಿ ದಾಟಿದ ಮೇಲೆ ಪೆಡಲ್ ಬಿಗಿಯಾಯಿತು. ಇಳಿದೆ. ತಲೆ ಎತ್ತಿದೆ. ಎಸ್ಟೇಟಿನ ಬೇಲಿಯ ಸಿಲ್ವರ್ ಓಕುಗಳು ಚಿತ್ರ ಬರೆದಿಟ್ಟ ಹಾಗೆ ನಿಂತಿದ್ದವು.

ತಳ್ಳಿಕೊಂಡು ಗೋಣಿಬೀಡು ತಲುಪಿದೆ. ಹಸನಬ್ಬ ಶಾಪಿನಿಂದ, ‘ಯಾಕೆ ತಳ್ಳಿಕೊಂಡು ಬಂದ್ರಿ? ಚೈನ್ ನೋಡ್ಲಾ?’ ಎಂದು ಕೂಗಿದ. ‘ಚೈನ್ ಸರಿ ಇದೆ’ ಎಂದೆ. ಅವನು ಕೈಯಲ್ಲಿದ್ದ ಸ್ಪಾನರ್ ಕೆಳಗಿಟ್ಟ. ಎದ್ದು ಬಂದು ನನ್ನ ತುಟಿ ನೋಡಿದ. ಸೈಕಲ್ಲನ್ನು ಅವನಲ್ಲೇ ಬಿಟ್ಟು, ಎಸ್ಟೇಟಿನ ಜೀಪು ಹಿಡಿದು ಮನೆಗೆ ಬಂದೆ.

ಗಿರಿ‌ಜೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಜೀಪಿನಿಂದ ಇಳಿದ ನನ್ನನ್ನು ನೋಡಿ, ‘ಗಾಳಿ ಇತ್ತಾ?’ ಎಂದಳು.

‘ಇರ್ಲಿಲ್ಲ’ ಎಂದೆ.

ಅವಳು ಮೊರ ಬದಿಗಿಟ್ಟು ಅಂಗಳಕ್ಕೆ ಬಂದಳು. ಇಬ್ಬರೂ ನಿಂತು ಮರಗಳನ್ನು ನೋಡಿದೆವು, ಈಗಲಾದರೂ ಒಂದು ಎಲೆ ಅಲ್ಲಾಡೀತೇ ಎಂದು. ಆಮೇಲೆ ಅವಳು ಒಳಗೆ ಹೋಗಿ ಅಟ್ಟದಿಂದ ಬ್ಯಾಗು ಇಳಿಸಿದಳು. ನಾಳೆ ಬೆಳಗಿನ ಬಸ್ಸಿಗೆ ಘಟ್ಟ ಇಳಿಯುತ್ತಿದ್ದೇವೆ.